ಮೊದಲು ಕೇಳಿಸಿ, ಆಮೇಲೆ ತೋರಿಸಿ

ಪ್ರಶ್ನೆ: ಕುಮಟಾ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಎಂಟನೇ ತರಗತಿಯವರಿಗೆ ತಿಮಿಂಗಿಲದ ಬಗ್ಗೆ ಹೇಳಬೇಕೆಂದಿದ್ದೇನೆ. ಪ್ರೊಜೆಕ್ಟರ್ ಇದೆ, ನೆಟ್‌ವರ್ಕ್ ಆಗಾಗ ಕೈಕೊಡುತ್ತದೆ. ಯೂಟ್ಯೂಬಿನ ಒಳ್ಳೆಯ ವಿಡಿಯೋ ಒಂದನ್ನು ತೋರಿಸಿದರೆ ಸಾಲದೇ?
– ಒಬ್ಬ ಶಿಕ್ಷಕಿ

ಉತ್ತರ: ಖಂಡಿತ ತೋರಿಸಿ ಮೇಡಂ, ಆದರೆ ಕೊನೆಯಲ್ಲಿ. ವಿಡಿಯೋದಲ್ಲಿ ನಿರೂಪಕರೇ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಮಕ್ಕಳು ಕಂಡುಹಿಡಿಯಲು ಏನೂ ಉಳಿಯುವುದಿಲ್ಲ. ಸಂಶೋಧಕರು ಕೆಲಸಕ್ಕೆ ಬಳಸುವ ಧ್ವನಿ, ಚಿತ್ರಗಳೇ ಈಗ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಅವನ್ನೇ ಮಕ್ಕಳ ಮುಂದಿಡಿ.

ಶಬ್ದದಿಂದ ಶುರುಮಾಡಿ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ, ಸುಮಾರು 900 ಮೀಟರ್ ಆಳದಲ್ಲಿ, ಎಂಬಾರಿ (MBARI) ಎಂಬ ಸಮುದ್ರ ಸಂಶೋಧನಾ ಸಂಸ್ಥೆಯವರು ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್ ಇಟ್ಟಿದ್ದಾರೆ. ಅದರ ನೇರಪ್ರಸಾರವನ್ನು ನಂಬಿಕೊಂಡು ತರಗತಿಗೆ ಹೋಗಬೇಡಿ. ಎಷ್ಟೋ ಹೊತ್ತು ಬರೀ ಸೊಂಯ್ ಎನ್ನುತ್ತಿರುತ್ತದೆ. ಅವರೇ ಆರಿಸಿಟ್ಟಿರುವ ಹಂಪ್‌ಬ್ಯಾಕ್ ತಿಮಿಂಗಿಲದ ತುಣುಕುಗಳನ್ನು ಹಿಂದಿನ ದಿನವೇ ಮೊಬೈಲಿಗೆ ಇಳಿಸಿಕೊಳ್ಳಿ. ಏನೆಂದು ಹೇಳದೆ ಕೇಳಿಸಿ. ದನಿ ಏರಿದಾಗ ಪೆನ್ಸಿಲ್ ಗೆರೆ ಮೇಲೆ ಹೋಗಲಿ, ಇಳಿದಾಗ ಕೆಳಗೆ ಬರಲಿ. ಒಂದೇ ಆಕಾರ ಸಾಲುಸಾಲಾಗಿ ಮರಳಿ ಬರುವುದು ಮಕ್ಕಳಿಗೇ ಕಾಣುತ್ತದೆ. ಸಂಶೋಧಕರಾದ ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರಲ್ಲಿ ಇದು ಬರೀ ಕೂಗಲ್ಲ, ಹಾಡು ಎಂದು ಪ್ರಕಟಿಸಿದ್ದು ಹೀಗೆ ಕಾಗದದ ಮೇಲೆ ಮೂಡಿದ ಪುನರಾವರ್ತನೆಯನ್ನು ನೋಡಿಯೇ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ, ಗೆರೆ ಎಳೆದಾದ ಮೇಲೆ ಹೇಳಿ. ಹಾಡುವುದು ಗಂಡು ಮಾತ್ರ ಎಂಬುದನ್ನೂ ಆಗಲೇ ಹೇಳಬಹುದು.

ನೀಲಿ ತಿಮಿಂಗಿಲದ ವಿಷಯದಲ್ಲಿ ಒಂದು ಎಚ್ಚರಿಕೆ. ಅದರ ದನಿ ಬಹುಪಾಲು 20 ಹರ್ಟ್ಸ್‌ನ ಆಸುಪಾಸಿನದು, ನಮ್ಮ ಕಿವಿಯ ಅಂಚು. ಅಂತರ್ಜಾಲದಲ್ಲಿ ನಮಗೆ ಕೇಳಿಸುವುದು ಸಾಮಾನ್ಯವಾಗಿ ವೇಗ ಹೆಚ್ಚಿಸಿದ ಧ್ವನಿಮುದ್ರಣ. ಮಕ್ಕಳಿಗೆ ಅದನ್ನು ಹೇಳಿಯೇ ಕೇಳಿಸಿ.

ಆಮೇಲೆ ಬಾಲ. ಹಂಪ್‌ಬ್ಯಾಕ್‌ನ ಬಾಲದ ಅಡಿಭಾಗದಲ್ಲಿರುವ ಕಪ್ಪು ಬಿಳಿ ಗುರುತು ನಮ್ಮ ಬೆರಳಚ್ಚಿನ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. ಹ್ಯಾಪಿವೇಲ್ ಎಂಬ ತಾಣದಲ್ಲಿ ಪ್ರವಾಸಿಗರೂ ಸಂಶೋಧಕರೂ ಕಳಿಸಿದ ಇಂಥ ಚಿತ್ರಗಳಿವೆ. ಯಾವ ತಿಮಿಂಗಿಲ ಎಲ್ಲೆಲ್ಲಿ, ಯಾವಾಗ ಕಂಡಿತೆಂಬ ವಿವರವೂ ಇದೆ. ಬೇರೆಬೇರೆ ತಿಮಿಂಗಿಲಗಳ ಕೆಲವು ಚಿತ್ರಗಳ ನಡುವೆ ಒಂದೇ ತಿಮಿಂಗಿಲದ ಎರಡು ಚಿತ್ರ ಸೇರಿಸಿ ಪ್ರಿಂಟ್ ತೆಗೆಸಿ, ಜೋಡಿ ಹುಡುಕಲು ಬಿಡಿ. ಇದಕ್ಕೆ ನೆಟ್‌ವರ್ಕೂ ಬೇಡ. ಬಾಲದಂಚಿನ ಕಚ್ಚು, ಗೀರುಗಳನ್ನು ಹಿಡಿದು ವಾದಿಸಲಿ, ತಡೆಯಬೇಡಿ.

ನಿಮ್ಮ ಮಕ್ಕಳಿಗೆ ಹೇಳಲೇಬೇಕಾದದ್ದು ಲುಬಾನ್ ಎಂಬ ಹೆಣ್ಣು ಹಂಪ್‌ಬ್ಯಾಕ್‌ನ ಕಥೆ. 2017ರ ಕೊನೆಯಲ್ಲಿ ಒಮಾನ್ ತೀರದಲ್ಲಿ ಸಂಶೋಧಕರು ಅವಳಿಗೆ ಉಪಗ್ರಹ ಟ್ಯಾಗ್ ಹಾಕಿದರು. ಅವಳು ಅರಬ್ಬಿ ಸಮುದ್ರ ದಾಟಿ ಗೋವಾದ ಕಡೆಗೆ ಬಂದು, ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಸಾಗಿ, ಮತ್ತೆ ಒಮಾನಿಗೆ ಮರಳಿದಳು. ಆ ದಾರಿಯ ನಕ್ಷೆ ಅಂತರ್ಜಾಲದಲ್ಲಿದೆ. ಬೇರೆ ಹಂಪ್‌ಬ್ಯಾಕ್‌ಗಳು ಮೇಯಲು ಧ್ರುವಗಳ ಕಡೆ ಹೋದರೆ, ಲುಬಾನಳ ಬಳಗದವು ವರ್ಷವಿಡೀ ಅರಬ್ಬಿ ಸಮುದ್ರದಲ್ಲೇ ಇರುತ್ತವೆ. ಒಮಾನ್ ಕಡೆ ಉಳಿದಿರುವುದು ನೂರಕ್ಕೂ ಕಡಿಮೆ ಎಂಬ ಅಂದಾಜಿದೆ. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಈ ಸಮುದ್ರದಲ್ಲಿ ಇನ್ನೂರಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳನ್ನು ಬೇಟೆಯಾಡಿದ್ದವು.

ಮನೆಯವರು ದೋಣಿಗೆ ಹೋಗುವ ಮಕ್ಕಳು ನಿಮ್ಮ ತರಗತಿಯಲ್ಲೂ ಇರಬಹುದು. ಅಪ್ಪ, ಅಜ್ಜಂದಿರು ಏನು ಕಂಡಿದ್ದಾರೆ, ಯಾವ ತಿಂಗಳು, ದಡದಿಂದ ಎಷ್ಟು ದೂರ ಎಂದು ಕೇಳಿ ಬರೆದುಕೊಂಡು ಬರಲಿ. ಅದನ್ನು 'ಮರೈನ್ ಮ್ಯಾಮಲ್ಸ್ ಆಫ್ ಇಂಡಿಯಾ' ತಾಣದಲ್ಲಿ ನಮ್ಮ ಕರಾವಳಿಯಿಂದ ದಾಖಲಾಗಿರುವ ವರದಿಗಳ ಜೊತೆ ಹೋಲಿಸಿ ನೋಡಿ.