ಬೇಕು–ಬೇಡ: ಪ್ರತಿಭಟನೆಯ ರೂಪ ಮತ್ತು ಪ್ರೇರಣೆ

ಪ್ರತಿಭಟನೆಯನ್ನು ಅಸಮಾಧಾನದ ಸ್ಫೋಟವೆಂದು ವಿವರಿಸುವುದು ರೂಢಿ. ಜನ ಏಕೆ ಸಿಟ್ಟಾಗುತ್ತಾರೆ ಎಂಬುದನ್ನು ಈ ವಿವರಣೆ ತಿಳಿಸಬಹುದು. ಆ ಸಿಟ್ಟು ಒಂದೆಡೆ ಅಪ್ಪುಗೆಯಾಗಿ, ಮತ್ತೊಂದೆಡೆ ಮೆರವಣಿಗೆಯಾಗಿ ಏಕೆ ರೂಪು ತಾಳುತ್ತದೆ ಎಂಬುದನ್ನು ತಿಳಿಸದು. ಪ್ರತಿಭಟನೆಯ ರೂಪವೇ ಅದರ ವಾದವೂ ಆಗಿರುತ್ತದೆ ಎಂಬುದನ್ನು ಕರ್ನಾಟಕದ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ನೇಗಿಲು ಹಿಡಿದು ಹೊಲಕ್ಕಿಳಿದು ಬಂಧನಕ್ಕೊಳಗಾದರು. ಉಳುಮೆಯೇ ಅವರ ಹಕ್ಕಿನ ಸಾಕ್ಷ್ಯವಾಯಿತು. 1983ರಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. ಕೊಡಲಿಯ ಎದುರು ನಿಂತದ್ದು ಮನುಷ್ಯದೇಹ. 1987ರಲ್ಲಿ ಕುಸನೂರಿನಲ್ಲಿ ನಡೆದ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹದಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು ಉಪಯುಕ್ತ ಸಸಿಗಳನ್ನು ನೆಡಲಾಯಿತು. ನಿರಾಕರಣೆ ಮತ್ತು ಪರ್ಯಾಯಗಳೆರಡೂ ಇಲ್ಲಿ ಒಂದೇ ಕ್ರಿಯೆಯಲ್ಲಿ ಅಡಕಗೊಂಡಿವೆ.

ಯಲಹಂಕ ಮತ್ತು ಹೆಬ್ಬಾಳಗಳ ನಡುವೆ ಅಲ್ಲಾಳಸಂದ್ರವನ್ನು ಹಾದುಹೋಗುವ ಬಳ್ಳಾರಿ ರಸ್ತೆಯು 2016ರಲ್ಲಿ ಎರಡು ಭಿನ್ನ ಪ್ರತಿಭಟನೆಗಳನ್ನು ಕಂಡಿತು. ಮಾರ್ಚ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬಯಲುಸೀಮೆಯ ಜಿಲ್ಲೆಗಳ ರೈತರು ಶಾಶ್ವತ ನೀರಾವರಿ ಬೇಕೆಂದು ಟ್ರ್ಯಾಕ್ಟರುಗಳಲ್ಲಿ ರಾಜಧಾನಿಯತ್ತ ಬಂದರು, ಸಂಚಾರ ಸ್ತಬ್ಧವಾಯಿತು. ಅಕ್ಟೋಬರ್ 16ರಂದು ನಗರವಾಸಿಗಳು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉದ್ದೇಶಿತ ಉಕ್ಕಿನ ಮೇಲ್ಸೇತುವೆ ಬೇಡವೆಂದು ಮಾನವ ಸರಪಳಿ ರಚಿಸಿದರು. ಯೋಜನೆಗಾಗಿ 800ಕ್ಕೂ ಹೆಚ್ಚು ಮರಗಳು ಉರುಳಬೇಕಿದ್ದವು. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು.

'ಬೇಡ' ಎಂಬುದು ಒಂದು ಆದೇಶದಿಂದ ಈಡೇರಬಲ್ಲದು. 'ಬೇಕು' ಎಂಬುದಕ್ಕೆ ಹಲವು ವರ್ಷಗಳ ಹಣ, ನೀರು, ಇಚ್ಛಾಶಕ್ತಿ ಬೇಕು. ಅಲ್ಲದೆ, ರಸ್ತೆಯ ನಿತ್ಯಬಳಕೆದಾರರಿಗೆ ಅದರ ಅಂಚಿನಲ್ಲಿ ನಿಂತರೂ ಸಾಕು. ನಗರದ ಕಣ್ಣಿಗೆ ಬೀಳದ ರೈತನಿಗೆ ರಸ್ತೆಯನ್ನು ತುಂಬದ ಹೊರತು ಗೋಚರತೆಯಿಲ್ಲ. ಆದ್ದರಿಂದ ಶಿಸ್ತೊಂದನ್ನೇ ಮಾನದಂಡವಾಗಿಸಿ ಪ್ರತಿಭಟನೆಯನ್ನು ಅಳೆಯುವುದು ಅಧಿಕಾರಕ್ಕೆ ಹತ್ತಿರವಿರುವವರಿಗೇ ಅನುಕೂಲಕರ.

ಬೆಂಗಳೂರಿನ ಪ್ರತಿಭಟನೆಗಳನ್ನು ಸ್ವಾತಂತ್ರ್ಯ ಉದ್ಯಾನಕ್ಕೆ ಸೀಮಿತಗೊಳಿಸಿದ 2021ರ ಆದೇಶವನ್ನೂ ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಸಂಚಾರದ ತೊಂದರೆ, ರೋಗಿಗಳ ಪರದಾಟ ನಿಜವೇ. ಆದರೆ ಹೊಲ, ಮರ, ರಸ್ತೆಗಳಿಂದ ಬೇರ್ಪಟ್ಟ ಪ್ರತಿಭಟನೆಯಲ್ಲಿ ಘೋಷಣೆ ಉಳಿಯುತ್ತದೆ. ಸ್ಥಳವೇ ಮಂಡಿಸುತ್ತಿದ್ದ ವಾದ ಉಳಿಯುವುದಿಲ್ಲ. ಚಳವಳಿ ಸಾಹಿತ್ಯದ ಅಧ್ಯಯನವು ಹಾಡು, ಕರಪತ್ರಗಳ ಜೊತೆಗೆ ಈ ಕ್ರಿಯೆಗಳನ್ನೂ ಪಠ್ಯವೆಂದು ಓದಬೇಕಾಗಿದೆ.