ಹುಡುಕುವವರ ಬಾಯಿಗೆ ಬರುವ ಮಾತನ್ನೇ ಬರೆಯಿರಿ

ಸಿಯಾಟಲ್ ಪಕ್ಕದ ಬೆಲ್ವ್ಯೂ, ಸಮಾಮಿಶ್, ಬಾಥೆಲ್ ಕಡೆ ಸಂಗೀತ ಪಾಠ ಹೇಳುವವರು, ಹಬ್ಬಕ್ಕೆ ಅಡುಗೆ ಮಾಡಿಕೊಡುವವರು ನಮ್ಮವರೇ ಎಷ್ಟೋ ಜನ. ಕೆಲಸವೆಲ್ಲ ಅಚ್ಚುಕಟ್ಟು, ವೆಬ್‌ಸೈಟಿನಲ್ಲಿ ಮಾತ್ರ ಯಾರೂ ಹುಡುಕದ ಪದಗಳು. ಅದಕ್ಕೇ ಈ ನಾಲ್ಕು ಮಾತು.

• 'ನಾದೋಪಾಸನೆ' ಅಂತ ನೀವು ಪ್ರೀತಿಯಿಂದ ಬರೆದಿರುತ್ತೀರಿ. ಮಗಳನ್ನು ಪಾಠಕ್ಕೆ ಸೇರಿಸಬೇಕೆಂದಿರುವ ತಾಯಿ ಟೈಪ್ ಮಾಡುವುದು 'ಕರ್ನಾಟಿಕ್ ವೋಕಲ್ ಕ್ಲಾಸಸ್ ಫಾರ್ ಕಿಡ್ಸ್' ಅಂತ. ಅದನ್ನು ಶೀರ್ಷಿಕೆಗೆ ಹಾಕಿ, ನಿಮ್ಮ ಮಾತು ಕೆಳಗಿರಲಿ.

• 'ಸಿಯಾಟಲ್' ಅಂತಷ್ಟೇ ಬರೆದು ಸುಮ್ಮನಾಗಬೇಡಿ. ಸಂಜೆಯ ಟ್ರಾಫಿಕ್ಕಿನಲ್ಲಿ 520 ಹೆದ್ದಾರಿಯ ಸೇತುವೆಗೆ ಟೋಲ್ ಕಟ್ಟಿ ಮಗುವನ್ನು ಕರೆತರಲು ಯಾರಿಗೂ ಮನಸ್ಸಿಲ್ಲ, ತಮ್ಮೂರಿನ ಹೆಸರು ಹಾಕಿಯೇ ಹುಡುಕುತ್ತಾರೆ. 'ಈಸ್ಟ್‌ಸೈಡ್' ಅಂದರೆ ಈ ಕಡೆಯ ಊರುಗಳು ಅಂತ ನಮಗೆ ಗೊತ್ತು, ಮೊನ್ನೆ ತಾನೇ ಬೆಂಗಳೂರಿನಿಂದ ಬಂದಿಳಿದವರಿಗೆ ಹೇಗೆ ಗೊತ್ತಾಗಬೇಕು? ಇನ್ನು ರೆಡ್‌ಮಂಡ್ ನಮ್ಮಲ್ಲಿರುವಂತೆ ಪಕ್ಕದ ಆರೆಗನ್ ರಾಜ್ಯದಲ್ಲೂ ಒಂದಿದೆ, ಬರೀ ವಾಷಿಂಗ್‌ಟನ್ ಅಂದರೆ ದೇಶದ ರಾಜಧಾನಿಯೂ ಆದೀತು. ಊರು, ರಾಜ್ಯ ಎರಡನ್ನೂ ಸೇರಿಸಿ ಬರೆಯಿರಿ.

• ಹೋಳಿಗೆ ನಮ್ಮಲ್ಲೇ ಕೆಲವರಿಗೆ ಒಬ್ಬಟ್ಟು, ತೆಲುಗರಿಗೆ ಬೊಬ್ಬಟ್ಲು, ಮರಾಠಿಗರಿಗೆ ಪುರಣ ಪೋಳಿ. ಕೊಳ್ಳುವವರು ಎಲ್ಲರೂ ಇದ್ದಾರೆ, ಹಾಗಾಗಿ ಎಲ್ಲ ಹೆಸರೂ ಬರಲಿ. ಆದರೆ ಸಾಲಾಗಿ ಪೋಣಿಸಬೇಡಿ. 'ತೆಲುಗರು ಬೊಬ್ಬಟ್ಲು ಅನ್ನುತ್ತಾರಲ್ಲ, ಅದೇ ನಮ್ಮ ಬೇಳೆ ಒಬ್ಬಟ್ಟು' ಅಂತ ಮಾತಿನ ನಡುವೆ ಒಂದೊಂದು ಸಲ ತನ್ನಿ, ಓದುವವರಿಗೂ ಹಿತ. ಸಣ್ಣಪುಟ್ಟ ಸ್ಪೆಲಿಂಗ್ ಹೆಚ್ಚುಕಡಿಮೆಯನ್ನು ಗೂಗಲ್ ಬಹುಮಟ್ಟಿಗೆ ತಾನೇ ಸರಿಮಾಡಿಕೊಳ್ಳುತ್ತದೆ, ಅದಕ್ಕೆಂದು ಬೇರೆ ಬೇರೆ ಪುಟ ಮಾಡಬೇಡಿ.

• ಒಂದೇ ಪದವನ್ನು ಸಾಲುಸಾಲಿಗೂ ತುರುಕಬೇಡಿ. ಗೂಗಲ್ ಅದನ್ನು ಸ್ಪ್ಯಾಮ್ ಅನ್ನುತ್ತದೆ, ಪುಟ ಕೆಳಗಿಳಿಯುತ್ತದೆ. ಬಿಳಿ ಪುಟದಲ್ಲಿ ಬಿಳಿ ಅಕ್ಷರ ಅಡಗಿಸಿಡುವುದಂತೂ ಬೇಡವೇ ಬೇಡ.

• ಪುಟದ ಕೋಡಿನೊಳಗಿನ 'ಮೆಟಾ ಕೀವರ್ಡ್' ತುಂಬುತ್ತಾ ಹೊತ್ತು ಕಳೆಯಬೇಡಿ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ.

• ವಾಟ್ಸಾಪ್ ಪೋಸ್ಟರನ್ನು ಹಾಗೇ ವೆಬ್‌ಸೈಟಿಗೆ ಅಂಟಿಸಬೇಡಿ. ಚಿತ್ರದೊಳಗಿನ ಅಕ್ಷರವನ್ನು ಗೂಗಲ್ ಓದೀತೆಂದು ನಂಬಿ ಕೂರುವಂತಿಲ್ಲ. ದಿನ, ದರ, ಊರು ಎಲ್ಲವನ್ನೂ ಕೆಳಗೆ ಟೈಪ್ ಮಾಡಿ.

• ದುಡ್ಡು ಖರ್ಚು ಮಾಡುವ ಮುಂಚೆ ಬಿಟ್ಟಿ ಸಿಗುವುದನ್ನು ಬಳಸಿ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಹುಡುಕಾಟದ 16 ತಿಂಗಳ ಲೆಕ್ಕ ಸಿಗುತ್ತದೆ. ಹೋದ ನವರಾತ್ರಿಯಲ್ಲಿ ಜನ ಏನಂತ ಹುಡುಕಿ ನಿಮ್ಮಲ್ಲಿಗೆ ಬಂದರು ನೋಡಿ, ಈ ವರ್ಷಕ್ಕೆ ಪದ ಅಲ್ಲೇ ಸಿಕ್ಕೀತು. ರೆಡ್‌ಮಂಡ್ ಮೈಕ್ರೋಸಾಫ್ಟಿನ ಊರು. ಅದರದೇ ಬಿಂಗ್‌ನಲ್ಲಿ ಹುಡುಕುವವರು ಇಲ್ಲಿ ಇರುತ್ತಾರೆ, ಬಿಂಗ್‌ನ ವೆಬ್‌ಮಾಸ್ಟರ್ ಟೂಲ್ಸನ್ನೂ ತೆರೆದು ನೋಡಿ.

• 'ಮೊದಲ ಸ್ಥಾನ ಗ್ಯಾರಂಟಿ' ಅಂತ ಫೋನ್ ಮಾಡುವವರಿಗೆ ಒಂದು ಡಾಲರೂ ಕೊಡಬೇಡಿ. ಅಂಥ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ಲೇ ಹೇಳುತ್ತದೆ.

• ಇಂದು ಬದಲಿಸಿದ್ದನ್ನು ನಾಳೆ ಮತ್ತೆ ಬದಲಿಸಬೇಡಿ, ಫಲ ಕಾಣಲು ಕೆಲವು ವಾರ ಬೇಕು. ಸೆಪ್ಟೆಂಬರಿಗೆ ಶಾಲೆ ಶುರುವಾಗುವ ಊರು ಇದು, ಪಾಠದ ಪುಟವನ್ನು ಜುಲೈನಲ್ಲೇ ಸರಿಮಾಡಿ. ಯಾವತ್ತು ಯಾವ ಪದ ಬದಲಿಸಿದಿರಿ ಅಂತ ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಇಲ್ಲದಿದ್ದರೆ ಖಂಡಿತ ಮರೆಯುತ್ತೀರಿ.