ಎಷ್ಟು ಮುಗಿದರೆ ಬಿಡುಗಡೆ ಮಾಡಬಹುದು?

ಪ್ರಶ್ನೆ: ಪಿಯು ಮತ್ತು ಪದವಿ ವಿದ್ಯಾರ್ಥಿಗಳು ಹಳೆಯ ಪಠ್ಯಪುಸ್ತಕಗಳನ್ನು ತಮ್ಮತಮ್ಮಲ್ಲೇ ಮಾರಿ ಕೊಳ್ಳಲು ಅನುಕೂಲವಾಗುವ ವೆಬ್‌ಸೈಟ್ ಮಾಡುತ್ತಿದ್ದೇನೆ. ಪುಸ್ತಕಗಳ ಪಟ್ಟಿ ಹಾಕುವ ಭಾಗ ಕಳೆದ ವರ್ಷವೇ ಮುಗಿದಿತ್ತು. ಆಮೇಲೆ ಹುಡುಕುವ ಸೌಲಭ್ಯ, ಹಣ ಪಾವತಿ, ಮೊಬೈಲ್ ಆ್ಯಪ್, ರೇಟಿಂಗ್ ಎಂದು ಸೇರಿಸುತ್ತಲೇ ಇದ್ದೇನೆ. ಅರೆಬರೆ ಬಿಟ್ಟರೆ ಹೆಸರು ಕೆಡುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಈಗ ಹೆಸರಾಗಿರುವ ಸೈಟುಗಳು ಶುರುವಿನಲ್ಲಿ ಹೇಗಿದ್ದವು? ಎಷ್ಟು ಮುಗಿದ ಮೇಲೆ ಜನರ ಮುಂದಿಡಬೇಕು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆಮೇಲೆ ಸೇರಿಸಲು ಸಾಧ್ಯವಿರುವುದನ್ನೆಲ್ಲ ಬಿಟ್ಟು ಹೊರಡಿ. ಒಮ್ಮೆ ಕೆಟ್ಟರೆ ಸರಿಮಾಡಲಾಗದ್ದನ್ನು ಮಾತ್ರ ಮೊದಲ ದಿನವೇ ಗಟ್ಟಿ ಮಾಡಿಕೊಳ್ಳಿ. ಇದು ನನ್ನ ಉತ್ತರ. ಹೀಗೇಕೆ ಹೇಳುತ್ತೇನೆಂದು ತಿಳಿಯಲು ವಿಕಿಪೀಡಿಯದ ಹುಟ್ಟನ್ನು ಸ್ವಲ್ಪ ವಿವರವಾಗಿ ನೋಡೋಣ.

ವಿಕಿಪೀಡಿಯಕ್ಕಿಂತ ಮೊದಲು ನ್ಯೂಪೀಡಿಯ ಎಂಬುದೊಂದಿತ್ತು. ಜಿಮ್ಮಿ ವೇಲ್ಸ್ 2000ದ ಮಾರ್ಚ್‌ನಲ್ಲಿ ಶುರುಮಾಡಿದ ಉಚಿತ ವಿಶ್ವಕೋಶ ಅದು. ಪ್ರಧಾನ ಸಂಪಾದಕರು ಲ್ಯಾರಿ ಸ್ಯಾಂಗರ್. ಅದರಲ್ಲಿ ಬರುವ ಪ್ರತಿ ಲೇಖನವೂ ದೋಷವಿಲ್ಲದ್ದಾಗಿರಬೇಕು ಎಂಬುದು ಅವರ ಆಸೆ. ಅದಕ್ಕಾಗಿ ಏಳು ಹಂತಗಳನ್ನು ಗೊತ್ತುಮಾಡಿದ್ದರು: ವಿಷಯ ಒಪ್ಪಿಸುವುದು, ಮುಖ್ಯ ಪರಿಶೀಲಕರನ್ನು ಹುಡುಕುವುದು, ಅವರ ಪರಿಶೀಲನೆ, ಬಹಿರಂಗ ಪರಿಶೀಲನೆ, ಭಾಷೆ ತಿದ್ದುವುದು, ಆ ತಿದ್ದುಪಡಿಯನ್ನು ಎಲ್ಲರ ಮುಂದಿಡುವುದು, ಕೊನೆಗೆ ಒಪ್ಪಿಗೆ. ಪರಿಶೀಲಿಸುವವರು ಆಯಾ ಕ್ಷೇತ್ರದ ವಿದ್ವಾಂಸರು. ಒಂದೊಂದು ಹಂತಕ್ಕೂ ಸರಿಯಾದ ಕಾರಣವಿತ್ತು. ಆದರೂ ಮೊದಲ ವರ್ಷದಲ್ಲಿ ಏಳೂ ಹಂತ ದಾಟಿ ಬಂದ ಲೇಖನಗಳು ಇಪ್ಪತ್ತರ ಆಸುಪಾಸು ಮಾತ್ರ.

2001ರ ಜನವರಿಯಲ್ಲಿ ಗೆಳೆಯರೊಬ್ಬರು ಸ್ಯಾಂಗರ್ ಅವರಿಗೆ ವಿಕಿ ತಂತ್ರಾಂಶದ ವಿಷಯ ಹೇಳಿದರು. ಪುಟವನ್ನು ಯಾರು ಬೇಕಾದರೂ ತೆರೆದು, ತಿದ್ದಿ, ಉಳಿಸಬಹುದಾದ ಸರಳ ವ್ಯವಸ್ಥೆ ಅದು. ನ್ಯೂಪೀಡಿಯದ ಪರಿಶೀಲಕರಲ್ಲಿ ಹಲವರು ಇಂಥದ್ದಕ್ಕೆ ತಮ್ಮ ವಿಶ್ವಕೋಶದ ಹೆಸರು ಅಂಟುವುದು ಬೇಡವೆಂದರು. ಹಾಗಾಗಿ ಬೇರೆ ಹೆಸರಿಟ್ಟು, ಬೇರೆ ವಿಳಾಸದಲ್ಲಿ, ಜನವರಿ 15ರಂದು ವಿಕಿಪೀಡಿಯ ತೆರೆದರು.

ಅದೆಷ್ಟು ಒರಟಾಗಿತ್ತೆಂದರೆ, ಲೇಖನಕ್ಕೆ ಸಲೀಸಾಗಿ ಶೀರ್ಷಿಕೆ ಕೊಡುವುದೂ ಕಷ್ಟವಿತ್ತು. ಯೂಸ್‌ಮಾಡ್‌ವಿಕಿ ಎಂಬ ಆ ತಂತ್ರಾಂಶದಲ್ಲಿ ಕೊಂಡಿ ಮೂಡಬೇಕಾದರೆ ಎರಡು ಪದಗಳನ್ನು ಬೆಸೆದು, ಎರಡರ ಮೊದಲಕ್ಷರವನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಬೇಕಿತ್ತು. ಒಂದೇ ಪದದ ಶೀರ್ಷಿಕೆಯಾದರೆ ಎಲ್ಲೋ ಒಂದು ಕಡೆ ದೊಡ್ಡಕ್ಷರ ತುರುಕಬೇಕು. ಹೀಗಿದ್ದೂ ಜನ ಬಂದರು, ಬರೆದರು. ಬರೆಯುವಾಗ ಈ ತೊಡಕು ಎಲ್ಲರಿಗೂ ಕಂಡಿತು. ತಂತ್ರಾಂಶ ಬರೆದ ಕ್ಲಿಫರ್ಡ್ ಆ್ಯಡಮ್ಸ್ ಅದೇ ವರ್ಷ ಜೋಡಿ ಚೌಕಾವರಣದ ವ್ಯವಸ್ಥೆ ತಂದರು: ಎರಡೆರಡು ಚೌಕಾವರಣಗಳ ನಡುವೆ ಏನೇ ಬರೆದರೂ ಕೊಂಡಿಯಾಗುತ್ತದೆ. ಇವತ್ತು ಕನ್ನಡ ವಿಕಿಪೀಡಿಯಕ್ಕೆ ಬರೆಯುವವರೂ ಅದನ್ನೇ ಬಳಸುತ್ತಾರೆ. ಮೊದಲ ವರ್ಷ ತುಂಬುವ ಹೊತ್ತಿಗೆ ವಿಕಿಪೀಡಿಯದಲ್ಲಿ ಸುಮಾರು 20,000 ಲೇಖನಗಳಿದ್ದವು. ನ್ಯೂಪೀಡಿಯ 2003ರಲ್ಲಿ ಬಾಗಿಲು ಮುಚ್ಚಿತು.

ಕನ್ನಡ ವಿಕಿಪೀಡಿಯ ಶುರುವಾದದ್ದೂ 2003ರಲ್ಲೇ. ಯೂನಿಕೋಡ್ ಕನ್ನಡ ಆಗಿನ ಎಷ್ಟೋ ಕಂಪ್ಯೂಟರುಗಳಲ್ಲಿ ನೆಟ್ಟಗೆ ಮೂಡುತ್ತಿರಲಿಲ್ಲ. ಒತ್ತಕ್ಷರ ಚದುರಿ ಬೀಳುತ್ತಿತ್ತು, ಇಲ್ಲವೇ ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಾಣುತ್ತಿತ್ತು. ಎಲ್ಲರ ಮನೆಯ ಕಂಪ್ಯೂಟರಿನಲ್ಲೂ ಕನ್ನಡ ಸರಿಹೋಗಲಿ ಎಂದು ಶುರುಮಾಡಿದವರು ಕಾದಿದ್ದರೆ ನಮ್ಮ ಭಾಷೆಯ ವಿಶ್ವಕೋಶಕ್ಕೆ ಎಷ್ಟೋ ವರ್ಷಗಳು ತಪ್ಪಿಹೋಗುತ್ತಿದ್ದವು.

ವ್ಯಾಪಾರದ ಸೈಟಿಗೂ ಇದು ಅನ್ವಯಿಸುತ್ತದೆಯೇ ಎಂದು ನೀವು ಕೇಳಬಹುದು. ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುಮಾಡಿದಾಗ ಮಾರುತ್ತಿದ್ದದ್ದು ಪುಸ್ತಕ ಮಾತ್ರ. ಗೋದಾಮಿರಲಿಲ್ಲ, ಆರ್ಡರ್ ಬಂದ ಮೇಲೆ ಪುಸ್ತಕ ಹುಡುಕಿ ಕಳಿಸಬೇಕಿತ್ತು. ಮೊದಲ ಆರ್ಡರ್ ಬಂದದ್ದು ಆಗಿನ ಆಂಧ್ರಪ್ರದೇಶದ ಮೆಹಬೂಬ್‌ನಗರದಿಂದ, ಜಾನ್ ವುಡ್ ಬರೆದ ‘ಲೀವಿಂಗ್ ಮೈಕ್ರೋಸಾಫ್ಟ್ ಟು ಚೇಂಜ್ ದ ವರ್ಲ್ಡ್’ ಪುಸ್ತಕಕ್ಕೆ. ಆ ಒಂದು ಪ್ರತಿಗಾಗಿ ಅವರು ಬೆಂಗಳೂರಿನ ಅಂಗಡಿಗಳನ್ನು ಸುತ್ತಬೇಕಾಯಿತು. ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡುವ ಸೌಲಭ್ಯ ಬಂದದ್ದು 2010ರಲ್ಲಿ. ಕಾರ್ಡ್ ಇಲ್ಲದ, ಮುಂಗಡ ಕೊಡಲು ಹಿಂಜರಿಯುವ ಗ್ರಾಹಕರ ಪಾಡು ಅಷ್ಟರಲ್ಲಿ ಅವರಿಗೆ ವ್ಯಾಪಾರದಿಂದಲೇ ತಿಳಿದಿತ್ತು.

ಹಾಗಾದರೆ ಏನು ಬೇಕಾದರೂ ಬಿಡಬಹುದೇ? ಇಲ್ಲ. ಅದನ್ನೂ ವಿಕಿಪೀಡಿಯವೇ ಹೇಳುತ್ತದೆ. ಆ ಮೊದಲ ತಂತ್ರಾಂಶ ಪುಟಗಳ ಹಳೆಯ ಆವೃತ್ತಿಗಳನ್ನು ಸ್ವಲ್ಪ ಕಾಲ ಇಟ್ಟುಕೊಂಡು ಆಮೇಲೆ ಅಳಿಸಿಬಿಡುತ್ತಿತ್ತು. ಯಾರು ಮೊದಲು ಏನು ಬರೆದರು ಎಂಬ ದಾಖಲೆ ಹೋಗಿಯೇ ಹೋಯಿತು ಎಂದುಕೊಂಡಿದ್ದರು. 2010ರ ಡಿಸೆಂಬರ್‌ನಲ್ಲಿ ಟಿಮ್ ಸ್ಟಾರ್ಲಿಂಗ್ ಎಂಬ ಪ್ರೋಗ್ರಾಮರ್ ಕಣ್ಣಿಗೆ ಹಳೆಯ ಬ್ಯಾಕಪ್ ಬಿದ್ದದ್ದರಿಂದ ಮೊದಲ ತಿಂಗಳುಗಳ ಬರವಣಿಗೆ ಸಿಕ್ಕಿತು. ಶೀರ್ಷಿಕೆಯ ತೊಡಕನ್ನು ಆಮೇಲೆ ಸರಿಪಡಿಸಬಹುದಿತ್ತು. ಅಳಿಸಿಹೋದದ್ದನ್ನು ತರಲು ಅದೃಷ್ಟವೇ ಬೇಕಾಯಿತು.

ಈಗ ನಿಮ್ಮ ಸೈಟನ್ನು ಈ ಅಳತೆಯಿಂದ ನೋಡೋಣ. ಆ್ಯಪ್ ಆಮೇಲೆ ಬರಲಿ. ಮೊಬೈಲಿನ ಬ್ರೌಸರಿನಲ್ಲಿ ಪುಟ ಸರಿಯಾಗಿ ತೆರೆದರೆ ಲಿಂಕನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರಾಯಿತು. ಹಣ ಪಾವತಿ ಬೇಡವೇ ಬೇಡ. ಒಂದೇ ಕಾಲೇಜಿನವರು ಎದುರಾಬದುರು ನಿಂತು, ಪುಸ್ತಕ ತಿರುವಿ ನೋಡಿ, ಅಲ್ಲೇ ಯುಪಿಐನಲ್ಲಿ ದುಡ್ಡು ಕೊಡುತ್ತಾರೆ. ನೂರು ಪುಸ್ತಕಗಳಿಗೆ ಹುಡುಕುವ ಸೌಲಭ್ಯವೂ ಬೇಕಿಲ್ಲ, ಸೆಮಿಸ್ಟರ್‌ವಾರು ಪಟ್ಟಿ ಸಾಕು. ರೇಟಿಂಗ್ ಕೊಡಲು ಮೊದಲು ವ್ಯವಹಾರ ನಡೆದಿರಬೇಕಲ್ಲ!

ಮೊಬೈಲ್ ನಂಬರಿನ ವಿಷಯ ಹಾಗಲ್ಲ. ಹುಡುಗಿಯೊಬ್ಬಳ ನಂಬರು ಒಂದು ಸಂಜೆ ಎಲ್ಲರಿಗೂ ಕಂಡರೆ ಮಾರನೆಯ ದಿನ ಅಳಿಸಿ ಪ್ರಯೋಜನವಿಲ್ಲ. ಕೊಳ್ಳುವವರ ಕೋರಿಕೆ ನಿಮ್ಮ ಸೈಟಿನ ಮೂಲಕವೇ ಹೋಗಲಿ. ಮಾರುವವರು ಒಪ್ಪಿದ ಮೇಲಷ್ಟೇ ನಂಬರು ಸಿಗಲಿ. ದಿನವೂ ಬ್ಯಾಕಪ್ ಆಗಲಿ. ಇನ್ನೊಂದು ಮಾತು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಪಿಯು ವಿದ್ಯಾರ್ಥಿಗಳಲ್ಲಿ ಬಹುಪಾಲು ಆ ವಯಸ್ಸಿನವರು. ಆದ್ದರಿಂದ ಪಿಯು ವಿಭಾಗವನ್ನು ಸದ್ಯ ಪಕ್ಕಕ್ಕಿಟ್ಟು, ಒಂದೇ ಪದವಿ ಕಾಲೇಜಿನಿಂದ ಶುರುಮಾಡಿ.

ಹೆಸರು ಕೆಡುವ ಭಯದ ಬಗ್ಗೆ ಇಷ್ಟು ಹೇಳುತ್ತೇನೆ. ಸೌಲಭ್ಯ ಕಡಿಮೆಯೆಂದು ಜನ ಬೇಸರಪಡುವುದು ಅಪರೂಪ. ಕೊಡುತ್ತೇವೆಂದು ಹೇಳಿದ್ದು ನಡೆಯದಿದ್ದರೆ ನಂಬಿಕೆ ಹೋಗುತ್ತದೆ. ‘ಈ ಕಾಲೇಜಿನ ಹಳೆಯ ಪುಸ್ತಕಗಳು ಇಲ್ಲಿ ಸಿಗುತ್ತವೆ’ ಎಂಬ ಒಂದೇ ಮಾತು ಕೊಡಿ, ಅದನ್ನು ಚಾಚೂ ತಪ್ಪದೆ ನಡೆಸಿ. ಮುಂದೇನು ಸೇರಿಸಬೇಕೆಂದು ವಿದ್ಯಾರ್ಥಿಗಳೇ ಹೇಳುತ್ತಾರೆ.

ಹಳೆಯ ಪುಸ್ತಕ ಕೈಬದಲಾಗುವುದು ಪರೀಕ್ಷೆ ಮುಗಿದ ಮೇಲಿನ ಒಂದೆರಡು ವಾರ ಮಾತ್ರ. ಆಮೇಲೆ ಅವು ರದ್ದಿಗೆ ಹೋಗುತ್ತವೆ, ಬರುವ ವಿದ್ಯಾರ್ಥಿ ಪೂರ್ತಿ ಬೆಲೆ ಕೊಟ್ಟು ಹೊಸದನ್ನು ಕೊಳ್ಳುತ್ತಾನೆ. ಹೀಗೆ ತಪ್ಪಿದ ಸೆಮಿಸ್ಟರೂ ಆಮೇಲೆ ಸೇರಿಸಲಾಗದ ವಸ್ತುವೇ. ಮುಂದಿನ ಪರೀಕ್ಷೆಯ ಕೊನೆಯ ದಿನ ಯಾವುದೆಂದು ವಿಚಾರಿಸಿ, ಅದನ್ನೇ ನಿಮ್ಮ ಬಿಡುಗಡೆಯ ದಿನವೆಂದು ಗೊತ್ತುಮಾಡಿಕೊಳ್ಳಿ.